ಗೃಹಿಣಿಯ ಆರೋಗ್ಯ: ನಡುರಾತ್ರಿಯ ಎಚ್ಚರ

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂದು ಗಾದೆ. ಈ ಗಾದೆಯನ್ನು ಕಟ್ಟಿದವರು ಗಂಡಸರೇ ಆಗಿದ್ದಿರಬೇಕು. ಏಕೆಂದರೆ ಚಿಂತೆಯೂ ಇಲ್ಲದೆ, ಸಂತೆಯ ಗದ್ದಲವೂ ಇಲ್ಲದೆ, ಬೆಚ್ಚನೆಯ ಹಾಸಿಗೆಯಲ್ಲಿ ಮಲಗಿದ್ದರೂ ಕಣ್ಣಿಗೆ ನಿದ್ದೆ ಹತ್ತದಂತಹ ಒಂದು ಕಾಲವು ಹೆಂಗಸಿನ ಬಾಳಿನಲ್ಲಿ ಬರುವುದುಂಟು. ಅದನ್ನು ಹೆಂಗಸು ಯಾರಿಗೂ ಹೇಳುವುದಿಲ್ಲ. ಆದುದರಿಂದ ಅದರ ಮೇಲೆ ಗಾದೆಯೂ ಹುಟ್ಟಿಲ್ಲ.

ಸಕಲೇಶಪುರ, ಆಲೂರುಗಳ ಬೆಟ್ಟದ ಸಾಲಿನಲ್ಲಿ ಜನವರಿ ತಿಂಗಳ ಒಂದು ರಾತ್ರಿಯನ್ನು ಊಹಿಸಿಕೊಳ್ಳಬಹುದು. ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಹಣ್ಣು ಒಣಗುತ್ತಿದೆ. ಹೊರಗೆ ಮಂಜು ಸುರಿಯುತ್ತಿದೆ. ತೋಟದ ಮನೆಯಲ್ಲಿ ಎಲ್ಲರೂ ಕಂಬಳಿ ಹೊದ್ದು ಮಲಗಿರುವಾಗ, ನಲವತ್ತೆಂಟು ವರ್ಷದ ಗೃಹಿಣಿಯೊಬ್ಬಳು ಎರಡು ಗಂಟೆಗೆ ತಟಕ್ಕನೆ ಎದ್ದು ಕುಳಿತುಕೊಳ್ಳುತ್ತಾಳೆ. ಎದೆಯಿಂದ ಹೊರಟ ಕಾವು ಕುತ್ತಿಗೆಗೆ ಏರಿ, ಮುಖವನ್ನೆಲ್ಲ ತುಂಬಿ, ಹಣೆಯ ಮೇಲೆ ಬೆವರಾಗಿ ಒಡೆಯುತ್ತದೆ. ಕಂಬಳಿಯನ್ನು ಕಿತ್ತೊಗೆಯುತ್ತಾಳೆ. ಐದು ನಿಮಿಷ ಕಳೆಯುವುದರೊಳಗೆ ಬೆವರು ಆರಿ ನಡುಕ ಹುಟ್ಟುತ್ತದೆ. ಮತ್ತೆ ಕಂಬಳಿಯನ್ನು ಎಳೆದುಕೊಳ್ಳುತ್ತಾಳೆ. ದೂರದ ತೋಟದಲ್ಲಿ ಆನೆಯನ್ನು ಓಡಿಸಲು ಯಾರೋ ಹಚ್ಚಿದ ಪಟಾಕಿಯ ಸದ್ದು ಕೇಳುತ್ತದೆ. ಆ ಮೇಲೆ ಬೆಳಗಿನವರೆಗೂ ತೊಲೆಗಳನ್ನು ಎಣಿಸುವುದೇ ಕೆಲಸ. ಆರು ಗಂಟೆಗೆ ಎದ್ದು ಒಲೆ ಹೊತ್ತಿಸಿ, ಆಳುಗಳಿಗೆ ತಿಂಡಿ ಅಣಿಮಾಡಬೇಕಾದವಳೂ ಆಕೆಯೇ. ಹಗಲೆಲ್ಲ ಮಂಕು, ಸಣ್ಣ ಮಾತಿಗೂ ಸಿಡಿಮಿಡಿ. "ಇವಳಿಗೆ ಈಚೆಗೆ ಏನೋ ಆಗಿದೆ" ಎಂದು ಮನೆಯವರು ಹೇಳುವರೇ ಹೊರತು, ಏನಾಗಿದೆ ಎಂದು ಕೇಳುವವರಿಲ್ಲ.

ಇಂತಹವಳು ಒಬ್ಬಳಲ್ಲ. ತೋಟದ ಯಜಮಾನಿತಿಯಾಗಲಿ, ಲೈನ್ ಮನೆಯಲ್ಲಿ ಮಲಗಿ ಬೆಳಗಾಗುತ್ತಲೇ ಹಣ್ಣು ಕೊಯ್ಯಲು ಹೊರಡುವ ಕೂಲಿಯವಳಾಗಲಿ, ಈ ವಯಸ್ಸಿನಲ್ಲಿ ಇಬ್ಬರ ರಾತ್ರಿಯೂ ಹೆಚ್ಚುಕಡಿಮೆ ಒಂದೇ.

ಹೀಗಿರುವಾಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ಹಬ್ಬಕ್ಕೆ ಬರುತ್ತ ಒಂದು ಸೀಸೆ ಮಾತ್ರೆ ತರುತ್ತಾಳೆ.

"ಅಮ್ಮ, ರಾತ್ರಿ ಮಲಗುವಾಗ ಒಂದು ತಗೋ. ನಿದ್ದೆ ಚೆನ್ನಾಗಿ ಬರುತ್ತಂತೆ."

"ನಿದ್ದೆ ಮಾತ್ರೆಯೇನೇ? ಒಮ್ಮೆ ಅಭ್ಯಾಸವಾದರೆ ಬಿಡುವುದಿಲ್ಲವಂತಲ್ಲ?"

"ನಿದ್ದೆ ಮಾತ್ರೆ ಅಲ್ಲಮ್ಮ. ಬರೀ ಮೆಗ್ನೀಷಿಯಂ."

ಜಗಲಿಯಲ್ಲಿ ಕುಳಿತಿದ್ದ ಯಜಮಾನರು ಪತ್ರಿಕೆಯಿಂದ ತಲೆಯೆತ್ತುತ್ತಾರೆ. "ಮೆಗ್ನೀಷಿಯಮ್ಮೇ? ಅದನ್ನು ನಾವು ಗಿಡಕ್ಕೆ ಹೊಡೆಯುತ್ತೇವಲ್ಲ!"

ಗಿಡಕ್ಕೆ ಹೊಡೆಯುವ ವಸ್ತುವು ಹೆಂಗಸಿಗೆ ನಿದ್ದೆ ತರಬಲ್ಲುದೆ? ಈ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಎದ್ದಿದೆ. ಮೆಗ್ನೀಷಿಯಂ ಮಾತ್ರೆಗಳ ಪ್ರಚಾರ ಬಲವಾಗಿರುವುದರಿಂದ, ಅದರ ಗುಣವೆಷ್ಟು, ಮಿತಿಯೆಷ್ಟು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೈಯೊಳಗೆ ಆಗುವುದೇನು?

ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟು ಕಾಣಿಸದಿದ್ದರೆ ಅದನ್ನು ಋತುಬಂಧವೆಂದು ವೈದ್ಯರು ಕರೆಯುತ್ತಾರೆ. ಭಾರತದ ಹೆಂಗಸರಲ್ಲಿ ಇದು ಸಾಮಾನ್ಯವಾಗಿ ನಲವತ್ತಾರು, ನಲವತ್ತೇಳನೆಯ ವಯಸ್ಸಿನ ಸುಮಾರಿಗೆ ಆಗುತ್ತದೆ; ಪಾಶ್ಚಾತ್ಯ ದೇಶಗಳಲ್ಲಿ ಐವತ್ತೊಂದರ ಸುಮಾರಿಗೆ. ಅದಕ್ಕೆ ಕೆಲವು ವರ್ಷಗಳ ಮುಂಚಿನಿಂದಲೇ ಅಂಡಾಶಯಗಳು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ರಸಗಳನ್ನು ಏರುಪೇರಾಗಿ ಸುರಿಸತೊಡಗುತ್ತವೆ. ಕಡೆಗೆ ಅವು ಬಹಳ ಕಡಿಮೆಯಾಗುತ್ತವೆ.

ಮೈಯ ಶಾಖವನ್ನು ಹದದಲ್ಲಿಡುವ ಕೇಂದ್ರವೊಂದು ಮೆದುಳಿನ ತಳದಲ್ಲಿದೆ. ಜಾಣ ಅಡುಗೆಯವಳು ಒಲೆಯ ಉರಿಯನ್ನು ನೋಡಿಕೊಳ್ಳುವಂತೆ ಅದು ಮೈಯ ಕಾವನ್ನು ನೋಡಿಕೊಳ್ಳುತ್ತದೆ. ಈಸ್ಟ್ರೋಜನ್ ಇಳಿದಾಗ ಈ ಕೇಂದ್ರದ ಸಹನೆ ಕಡಿಮೆಯಾಗುತ್ತದೆ. ಕಾವು ಕೂದಲೆಳೆಯಷ್ಟು ಏರಿದರೂ, ಬೆಂಕಿಯೇ ಬಿತ್ತೆಂಬಂತೆ ಗಾಬರಿಗೊಂಡು, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರನ್ನು ಹರಿಸುತ್ತದೆ. ಮೈ ಬಿಸಿಯೇರುವುದರ ಮರ್ಮ ಇದೇ. ನಿದ್ದೆಗೆ ಸಹಾಯಕವಾಗಿದ್ದ ಪ್ರೊಜೆಸ್ಟರಾನ್ ಕೂಡ ಇಳಿದಿರುವುದರಿಂದ, ಒಮ್ಮೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದು ಕಷ್ಟ.

ಇದು ರೋಗವಲ್ಲ, ಪ್ರಕೃತಿ. ಆದರೆ ಪ್ರಕೃತಿಯೆಂದ ಮಾತ್ರಕ್ಕೆ ಸಹಿಸಿಕೊಂಡೇ ಇರಬೇಕೆಂದೇನೂ ಇಲ್ಲ. ಅಮೆರಿಕದ ಹೆಂಗಸರನ್ನು ಹಲವು ವರ್ಷ ಹಿಂಬಾಲಿಸಿದ ಅಧ್ಯಯನವೊಂದರ ಫಲ 2015ರಲ್ಲಿ ಹೊರಬಂದಿತು. ಪದೇ ಪದೇ ಮೈ ಬಿಸಿಯೇರುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ತೊಂದರೆ ಏಳು ವರ್ಷಕ್ಕೂ ಮೀರಿ ಉಳಿದಿತ್ತೆಂದು ಅದರಿಂದ ತಿಳಿದುಬಂದಿತು. "ನಾಲ್ಕು ದಿನ ತಡೆದುಕೋ, ಹೋಗುತ್ತದೆ" ಎಂದು ಸಮಾಧಾನ ಹೇಳುವವರು ಈ ಏಳು ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಿಡಕ್ಕೂ ಬೇಕು, ಮೈಗೂ ಬೇಕು

ಯಜಮಾನರ ಮಾತಿನಲ್ಲಿ ತಪ್ಪೇನಿಲ್ಲ. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಪ್ರತಿ ಕಣದ ನಟ್ಟನಡುವೆ ಮೆಗ್ನೀಷಿಯಂ ಕುಳಿತಿದೆ. ಘಟ್ಟದ ಅಂಚಿನ ಸಕಲೇಶಪುರದ ಹೋಬಳಿಗಳಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯು ಮಣ್ಣಿನ ಸುಣ್ಣವನ್ನೂ ಮೆಗ್ನೀಷಿಯಮ್ಮನ್ನೂ ತೊಳೆದುಕೊಂಡು ಹೋಗಿ, ಮಣ್ಣು ಹುಳಿಯಾಗುತ್ತದೆ. ಆಗ ಕಾಫಿ ಗಿಡದ ಹಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದನ್ನು ಬೆಳೆಗಾರರೆಲ್ಲರೂ ಕಂಡಿದ್ದಾರೆ. ಅದಕ್ಕಾಗಿ ಡಾಲಮೈಟ್ ಹಾಕುತ್ತಾರೆ, ಮೆಗ್ನೀಷಿಯಂ ಸಲ್ಫೇಟಿನ ನೀರನ್ನು ಸಿಂಪಡಿಸುತ್ತಾರೆ.

ಮನುಷ್ಯನ ಮೈಯಲ್ಲಿಯೂ ಸುಮಾರು ಇಪ್ಪತ್ತೈದು ಗ್ರಾಂ ಮೆಗ್ನೀಷಿಯಂ ಇದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಗಳಲ್ಲಿ ಅಡಗಿದೆ. ಉಳಿದುದು ಬಹುಮಟ್ಟಿಗೆ ಮಾಂಸಖಂಡಗಳಲ್ಲಿ. ರಕ್ತದಲ್ಲಿರುವುದು ನೂರರಲ್ಲಿ ಒಂದು ಪಾಲೂ ಅಲ್ಲ. ಮುನ್ನೂರಕ್ಕೂ ಹೆಚ್ಚು ಜೀವರಾಸಾಯನಿಕ ಕ್ರಿಯೆಗಳಿಗೆ ಅದರ ನೆರವು ಬೇಕು. ನರಗಳ ಉದ್ರೇಕವನ್ನು ಹದದಲ್ಲಿಡುವುದು, ಬಿಗಿದ ಸ್ನಾಯುಗಳನ್ನು ಸಡಿಲಿಸುವುದು ಅದರ ಕೆಲಸಗಳಲ್ಲಿ ಸೇರಿವೆ. ಆದಕಾರಣವೇ ಅದು ನಿದ್ದೆಗೂ ಸಹಾಯಕವಾಗಬಹುದೆಂಬ ಊಹೆ ಹುಟ್ಟಿತು.

ಊಹೆಯೆಂದರೆ ಪ್ರಮಾಣವಲ್ಲ. ಎಲೆ ಹಳದಿಯಾದುದಕ್ಕೆಲ್ಲ ಮೆಗ್ನೀಷಿಯಮ್ಮಿನ ಕೊರತೆಯೇ ಕಾರಣವಲ್ಲವೆಂಬುದು ಬೆಳೆಗಾರನಿಗೆ ಗೊತ್ತು. ಸಾರಜನಕ ಕಡಿಮೆಯಾದರೂ ಎಲೆ ಹಳದಿಯಾಗುತ್ತದೆ, ಬೇರಿಗೆ ರೋಗ ತಗುಲಿದರೂ ಹಳದಿಯಾಗುತ್ತದೆ. ಅದಕ್ಕಾಗಿಯೇ ಆತನು ಮಣ್ಣನ್ನು ಪರೀಕ್ಷೆಗೆ ಕಳುಹಿಸುತ್ತಾನೆ. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವು ಬೆಳೆಗಾರರಿಗೆ ಕಲಿಸಿದ ದೊಡ್ಡ ಪಾಠವೇ ಇದು: ಮೊದಲು ಪರೀಕ್ಷೆ, ಆಮೇಲೆ ಗೊಬ್ಬರ. ತೋಟದ ಮಣ್ಣಿಗೆ ಸಲ್ಲುವ ಈ ಮರ್ಯಾದೆಯು ಮನೆಯ ಹೆಂಗಸಿನ ಮೈಗೂ ಸಲ್ಲಬೇಡವೇ?

ಪ್ರಯೋಗಗಳು ಹೇಳುವುದೇನು?

ಮೊದಲನೆಯದಾಗಿ ಮೈ ಬಿಸಿಯೇರುವ ತೊಂದರೆ. ಅಮೆರಿಕದಲ್ಲಿ ಕೆಲವೇ ಹೆಂಗಸರ ಮೇಲೆ ನಡೆದ ಒಂದು ಸಣ್ಣ ಪ್ರಯೋಗ ಮೆಗ್ನೀಷಿಯಮ್ಮಿನಿಂದ ಗುಣ ಕಂಡಿತೆಂದು 2011ರಲ್ಲಿ ವರದಿ ಮಾಡಿತು. ಅಲ್ಲಿ ಹೋಲಿಸಿ ನೋಡಲು ಹುಸಿ ಮಾತ್ರೆಯ ಗುಂಪು ಇರಲಿಲ್ಲ. ಆ ಕೊರತೆಯನ್ನು ತುಂಬಲು, ಹಿಂದೆ ಸ್ತನದ ಕ್ಯಾನ್ಸರಿಗೆ ತುತ್ತಾಗಿದ್ದ 289 ಮಂದಿ ಹೆಂಗಸರನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗವನ್ನು ನಡೆಸಿದರು. ಕೆಲವರಿಗೆ ದಿನಕ್ಕೆ 800 ಮಿಲಿಗ್ರಾಂ, ಕೆಲವರಿಗೆ 1200 ಮಿಲಿಗ್ರಾಂ ಮೆಗ್ನೀಷಿಯಂ ಆಕ್ಸೈಡ್, ಇನ್ನುಳಿದವರಿಗೆ ಹುಸಿ ಮಾತ್ರೆ. 2015ರಲ್ಲಿ ಪ್ರಕಟವಾದ ಫಲವೇನೆಂದರೆ, ಮೆಗ್ನೀಷಿಯಂ ತೆಗೆದುಕೊಂಡವರಿಗೂ ಹುಸಿ ಮಾತ್ರೆ ನುಂಗಿದವರಿಗೂ ಬಿಸಿಯೇರುವುದರಲ್ಲಿ ಭೇದವೇ ಕಾಣಲಿಲ್ಲ. ಭೇದಿ ಮಾತ್ರ ಮೆಗ್ನೀಷಿಯಂ ತೆಗೆದುಕೊಂಡವರಲ್ಲಿ ಹೆಚ್ಚಾಗಿತ್ತು.

ಇನ್ನು ನಿದ್ದೆ. ಇರಾನಿನಲ್ಲಿ ನಿದ್ದೆ ಬಾರದ 46 ಮಂದಿ ವೃದ್ಧರ ಮೇಲೆ ನಡೆದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಎಂಟು ವಾರ ದಿನಕ್ಕೆ 500 ಮಿಲಿಗ್ರಾಂ ಮೆಗ್ನೀಷಿಯಂ ಪಡೆದವರಿಗೆ ನಿದ್ರಾಹೀನತೆ ಸ್ವಲ್ಪ ಇಳಿಯಿತು. ಇಂತಹ ಮೂರು ಪ್ರಯೋಗಗಳನ್ನು, ಒಟ್ಟು 151 ಮಂದಿಯ ಲೆಕ್ಕವನ್ನು, 2021ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮಲಗಿದ ಮೇಲೆ ನಿದ್ದೆ ಹತ್ತುವ ಹೊತ್ತು ಸುಮಾರು ಹದಿನೇಳು ನಿಮಿಷ ಕಡಿಮೆಯಾಗಿತ್ತು. ಆದರೆ ಪ್ರಯೋಗಗಳು ಚಿಕ್ಕವು, ಪುರಾವೆ ದುರ್ಬಲವೆಂದು ಲೆಕ್ಕ ಹಾಕಿದವರೇ ಒಪ್ಪಿಕೊಂಡಿದ್ದಾರೆ. ಮೇಲಾಗಿ, ಅವು ಮುಟ್ಟು ನಿಲ್ಲುತ್ತಿರುವ ಹೆಂಗಸರನ್ನೇ ಆರಿಸಿ ನಡೆಸಿದವಲ್ಲ.

ಆದುದರಿಂದ ಸತ್ಯವು ಇಷ್ಟು: ಮೆಗ್ನೀಷಿಯಂ ಕಡಿಮೆಯಿದ್ದವರಿಗೆ ಅದನ್ನು ತುಂಬಿಕೊಟ್ಟರೆ ಹಿತವಾಗಬಹುದು, ನಿದ್ದೆಗೆ ಅಲ್ಪಸ್ವಲ್ಪ ನೆರವಾಗಲೂಬಹುದು. ನಡುರಾತ್ರಿ ಬೆವರಿಸಿ ಎಬ್ಬಿಸುವ ಬಿಸಿಗೆ ಅದು ಮದ್ದಲ್ಲ.

ಮೊದಲು ಊಟದ ತಟ್ಟೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಹೊರತಂದ ಪಟ್ಟಿಯ ಪ್ರಕಾರ ವಯಸ್ಕ ಹೆಂಗಸಿಗೆ ದಿನಕ್ಕೆ 370 ಮಿಲಿಗ್ರಾಂ ಮೆಗ್ನೀಷಿಯಂ ಬೇಕು. ಅದನ್ನು ಸೀಸೆಯಲ್ಲಿ ಹುಡುಕುವುದಕ್ಕೆ ಮುಂಚೆ ಅಡುಗೆಮನೆಯಲ್ಲಿ ಹುಡುಕುವುದು ಲೇಸು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ ಮೆಗ್ನೀಷಿಯಂ ಇದೆ. ತೌಡು ತೆಗೆದ ಬಿಳಿಯ ಅಕ್ಕಿಯ ನೂರು ಗ್ರಾಂನಲ್ಲಿ ಇರುವುದು ಸುಮಾರು ಇಪ್ಪತ್ತು ಮಾತ್ರ. ತೌಡು ಉಳಿಸಿಕೊಂಡ ಅಕ್ಕಿಯಲ್ಲಿ ತೊಂಬತ್ತರಷ್ಟು. ಮಲೆನಾಡಿನ ಊಟವೆಂದರೆ ಕಡುಬು, ಅಕ್ಕಿರೊಟ್ಟಿ, ಅನ್ನ. ಒನಕೆಯಿಂದ ಕುಟ್ಟಿದ ಅಕ್ಕಿ ಉಣ್ಣುತ್ತಿದ್ದ ಕಾಲಕ್ಕೂ ಗಿರಣಿಯ ಬೆಳ್ಳನೆಯ ಅಕ್ಕಿಯ ಈ ಕಾಲಕ್ಕೂ ಇರುವ ಅಂತರ ಇದೇ. ಹಾಸನ ಜಿಲ್ಲೆಯ ಬಯಲುಸೀಮೆಯ ರಾಗಿಮುದ್ದೆಯನ್ನು ಬೆಟ್ಟದ ಮನೆಯವರು ದಿನಕ್ಕೊಮ್ಮೆ ತಟ್ಟೆಗೆ ಬಡಿಸಿಕೊಂಡರೆ ನಷ್ಟವೇನಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದರ ಲವಣಗಳು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತವೆ. ಹುರುಳಿ, ಅವರೆ, ಕಡಲೆ, ಎಳ್ಳು, ನೆಲಗಡಲೆ, ದಂಟಿನ ಸೊಪ್ಪು, ನುಗ್ಗೆಸೊಪ್ಪು ಇವೆಲ್ಲವೂ ಒಳ್ಳೆಯವು. ಸಾರಿಗೆ ಹಾಕಿದ ಸಿಹಿಗುಂಬಳದ ಬೀಜವನ್ನು ಎಸೆಯುವ ಬದಲು ಒಣಗಿಸಿ ಹುರಿದಿಟ್ಟುಕೊಂಡರೆ, ಒಂದು ಹಿಡಿಯಲ್ಲಿಯೇ ನೂರು ಮಿಲಿಗ್ರಾಂಗೂ ಮೀರಿ ಮೆಗ್ನೀಷಿಯಂ ದೊರೆಯುತ್ತದೆ.

ಮಾತ್ರೆಯ ಬಗೆಗೆ ಎಚ್ಚರಿಕೆ

ಆರೋಗ್ಯವಂತರ ಮೂತ್ರಪಿಂಡಗಳು ಹೆಚ್ಚಾದ ಮೆಗ್ನೀಷಿಯಮ್ಮನ್ನು ಹೊರಹಾಕುತ್ತವೆ. ಆದರೆ ಮೂತ್ರಪಿಂಡ ಕೆಟ್ಟವರಲ್ಲಿ ಅದು ರಕ್ತದಲ್ಲಿ ಸೇರುತ್ತ ಹೋಗಿ, ವಾಕರಿಕೆ, ಮಂಪರು, ರಕ್ತದೊತ್ತಡದ ಇಳಿತ, ಕಡೆಗೆ ಹೃದಯದ ಬಡಿತದ ಏರುಪೇರಿಗೂ ಕಾರಣವಾಗಬಹುದು. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹೆಂಗಸರಲ್ಲಿ ಮೂತ್ರಪಿಂಡದ ದೋಷವು ಸದ್ದಿಲ್ಲದೆ ಬೆಳೆದಿರುವುದುಂಟು. ಅಂಥವರು ವೈದ್ಯರನ್ನು ಕೇಳದೆ ಈ ಮಾತ್ರೆಯನ್ನು ಮುಟ್ಟಬಾರದು.

ಥೈರಾಯ್ಡ್ ಮಾತ್ರೆ, ಮೂಳೆ ಸವೆತದ ಮಾತ್ರೆ, ಕೆಲವು ಬಗೆಯ ಆಂಟಿಬಯಾಟಿಕ್ ಔಷಧಿಗಳು ಮೆಗ್ನೀಷಿಯಮ್ಮಿನ ಜೊತೆಗೆ ಹೊಟ್ಟೆ ಸೇರಿದರೆ ಮೈಗೆ ಹತ್ತುವುದಿಲ್ಲ. ಅವುಗಳ ನಡುವೆ ಕೆಲವು ಗಂಟೆಗಳ ಅಂತರವಿರಬೇಕು. ಹೊಟ್ಟೆಯುರಿಗೆಂದು ಕುಡಿಯುವ ಬಿಳಿಯ ಔಷಧಿಗಳಲ್ಲಿ ಅನೇಕವು ಮೆಗ್ನೀಷಿಯಮ್ಮಿನಿಂದಲೇ ಮಾಡಿದವು. ಅವನ್ನು ಕುಡಿಯುವವರು ಆಗಲೇ ಅದನ್ನು ತೆಗೆದುಕೊಳ್ಳುತ್ತಿದ್ದಾರೆ. ಇದಕ್ಕೆ ವಿರುದ್ಧವಾಗಿ, ಹುಳಿತೇಗಿಗೆ ವರ್ಷಗಟ್ಟಲೆ ನುಂಗುವ ಒಮೆಪ್ರಜೋಲ್‌ನಂತಹ ಮಾತ್ರೆಗಳು, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ಮೈಯ ಮೆಗ್ನೀಷಿಯಮ್ಮನ್ನು ಇಳಿಸುತ್ತವೆ. ಇವೆಲ್ಲವೂ ವೈದ್ಯರಿಗೆ ತಿಳಿದಿರಬೇಕು.

ಮಾತ್ರೆಯಿಂದ ಪಡೆಯುವ ಮೆಗ್ನೀಷಿಯಂ ದಿನಕ್ಕೆ 350 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ಪೋಷಣಾ ತಜ್ಞರು ಮಿತಿ ಹಾಕಿದ್ದಾರೆ. ಆಹಾರದಲ್ಲಿರುವುದಕ್ಕೆ ಈ ಮಿತಿಯಿಲ್ಲ. ಸೀಸೆಯ ಮೇಲೆ ಲವಣದ ತೂಕ ಬೇರೆ, ಅದರಲ್ಲಿರುವ ಶುದ್ಧ ಮೆಗ್ನೀಷಿಯಮ್ಮಿನ ತೂಕ ಬೇರೆ ಎಂಬುದನ್ನು ಗಮನಿಸಬೇಕು. ಆಕ್ಸೈಡ್ ಎಂಬುದು ಹೊಟ್ಟೆಯನ್ನು ಸಡಿಲಿಸುವುದೇ ಹೆಚ್ಚು. ಗ್ಲೈಸಿನೇಟ್ ಎಂಬುದು ಹೊಟ್ಟೆಗೆ ಅಷ್ಟು ತೊಂದರೆ ಕೊಡುವುದಿಲ್ಲ. ಇನ್ನೊಂದು ಮಾತನ್ನು ತೋಟದ ಮನೆಗಳಲ್ಲಿ ಒತ್ತಿ ಹೇಳಬೇಕಾಗಿದೆ: ಗೊಬ್ಬರದ ಕೋಣೆಯ ಚೀಲದಲ್ಲಿರುವ ಮೆಗ್ನೀಷಿಯಂ ಸಲ್ಫೇಟ್ ಗಿಡಕ್ಕೆ ಮಾತ್ರ. ಅದನ್ನು ಯಾರೂ ಬಾಯಿಗೆ ಹಾಕಿಕೊಳ್ಳಕೂಡದು.

ನಿಜವಾಗಿ ನೆರವಾಗುವುದು

ಕಾಫಿಯ ಸೀಮೆಯಲ್ಲಿ ಕಾಫಿಯ ಮೇಲೆ ದೂರು ಹೇಳುವುದು ಕಷ್ಟ. ಆದರೂ ಹೇಳಲೇಬೇಕು. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದಾರು ಗಂಟೆ ಹಿಡಿಯುತ್ತದೆ. ಸಂಜೆ ನಾಲ್ಕರ ಲೋಟದ ಅರ್ಧವು ರಾತ್ರಿ ಹತ್ತಕ್ಕೆ ಹಾಸಿಗೆಗೂ ಜೊತೆಯಲ್ಲಿಯೇ ಬರುತ್ತದೆ. ಈ ವಯಸ್ಸಿನವರು ಮಧ್ಯಾಹ್ನದ ಊಟದೊಂದಿಗೇ ಅಂದಿನ ಕಾಫಿಯನ್ನು ಮುಗಿಸುವುದು ಉತ್ತಮ.

ಒಂದೇ ದಪ್ಪ ಕಂಬಳಿಯ ಬದಲು ತೆಳುವಾದ ಎರಡು ಹತ್ತಿಯ ಹೊದಿಕೆ ಇರಲಿ. ಬೇಕೆಂದಾಗ ಒಂದನ್ನು ಸರಿಸಬಹುದು. ಬೆಳಿಗ್ಗೆ ನಿಯತವಾದ ಹೊತ್ತಿಗೆ ಏಳಬೇಕು. ಹಗಲಿನ ನಿದ್ದೆ ಬೇಡ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಕುಳಿತು, ಮಂದ ಬೆಳಕಿನಲ್ಲಿ ಏನಾದರೂ ಹಗುರವಾದ ಕೆಲಸ ಮಾಡಿ, ಕಣ್ಣು ಎಳೆದಾಗ ಮತ್ತೆ ಮಲಗಬೇಕು. ಇವನ್ನೆಲ್ಲ ಕ್ರಮವಾಗಿ ಕಲಿಸುವ ಚಿಕಿತ್ಸೆಯೇ ಇದೆ. ನಿದ್ರಾಹೀನತೆಗೆ ಅದು ಮಾತ್ರೆಗಳಿಗಿಂತ ಮೇಲೆಂದು ವೈದ್ಯರು ಒಪ್ಪಿದ್ದಾರೆ.

ಬಿಸಿಯೇರುವುದು ಬಹಳವಾಗಿದ್ದರೆ ಅದಕ್ಕೆ ಅತಿ ಪರಿಣಾಮಕಾರಿಯಾದ ಮದ್ದು ಈಸ್ಟ್ರೋಜನ್ ಚಿಕಿತ್ಸೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನದ ಕ್ಯಾನ್ಸರಿನ ಭಯವನ್ನು ಎಬ್ಬಿಸಿದ ಮೇಲೆ ಲಕ್ಷಾಂತರ ಹೆಂಗಸರು ಅದನ್ನು ಬಿಟ್ಟರು. ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ಬಗೆಯ ಔಷಧಿಯನ್ನೂ ತೆಗೆದುಕೊಂಡ ಹತ್ತು ಸಾವಿರ ಮಂದಿಯಲ್ಲಿ ವರ್ಷಕ್ಕೆ ಎಂಟು ಮಂದಿಗೆ ಆ ಕ್ಯಾನ್ಸರ್ ಹೆಚ್ಚಾಗಿ ಕಂಡಿತೆಂಬುದು ಆ ಲೆಕ್ಕ. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ಕಳೆಯದ ಆರೋಗ್ಯವಂತ ಹೆಂಗಸರಲ್ಲಿ ಅಪಾಯಕ್ಕಿಂತ ಲಾಭವೇ ಹೆಚ್ಚೆಂದು ಇಂದಿನ ತಜ್ಞರ ಅಭಿಪ್ರಾಯ. ಸ್ತನದ ಕ್ಯಾನ್ಸರ್ ಬಂದಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ರೋಗ, ಪಾರ್ಶ್ವವಾಯು ಆಗಿದ್ದವರಿಗೆ ಇದು ಸಲ್ಲದು. ಅಂಥವರಿಗೆ ಬೇರೆ ಔಷಧಿಗಳಿವೆ.

ನಿದ್ದೆ ಕೆಡಲು ಋತುಬಂಧವೊಂದೇ ಕಾರಣವೆಂದು ತಿಳಿಯಲಾಗದು. ಥೈರಾಯ್ಡಿನ ದೋಷ, ಕಬ್ಬಿಣಾಂಶ ಕಡಿಮೆಯಾಗಿ ಕಾಲು ಸೆಳೆಯುವುದು, ಗೊರಕೆಯ ನಡುವೆ ಉಸಿರು ಕಟ್ಟುವುದು, ಮನಸ್ಸಿನ ಖಿನ್ನತೆ ಇವೂ ಇದೇ ವಯಸ್ಸಿನಲ್ಲಿ ಇದೇ ವೇಷದಲ್ಲಿ ಬರುತ್ತವೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು. ಸಕಲೇಶಪುರದಲ್ಲಿ ಕ್ರಾಫರ್ಡ್ ಹೆಸರಿನ ಸರ್ಕಾರಿ ಆಸ್ಪತ್ರೆ ಇದೆ, ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ. ದಾರಿ ದೂರವಲ್ಲ. ದೂರವಾಗಿರುವುದು ಬಾಯಿಬಿಟ್ಟು ಹೇಳುವ ಮಾತು.

"ಎಷ್ಟು ದಿನದಿಂದ ಹೀಗಾಗುತ್ತಿದೆ?" ಎಂದು ವೈದ್ಯೆ ಕೇಳುತ್ತಾರೆ.

"ಎರಡು ವರ್ಷವಾಯಿತು, ಡಾಕ್ಟ್ರಮ್ಮ."

"ಮನೆಯಲ್ಲಿ ಹೇಳಲಿಲ್ಲವೇ?"

"ಇದೇನು ಹೇಳುವ ವಿಷಯವೇ?"

ಪಕ್ಕದಲ್ಲಿ ಕುಳಿತ ಯಜಮಾನರು ಆ ಎರಡು ವರ್ಷದ ಮಾತನ್ನು ಮೊದಲ ಸಲ ಕೇಳುತ್ತಾರೆ. ಪ್ರತಿ ವರ್ಷವೂ ತೋಟದ ಮೂಲೆ ಮೂಲೆಯ ಮಣ್ಣನ್ನು ಚೀಲದಲ್ಲಿ ಕಟ್ಟಿ ಪರೀಕ್ಷೆಗೆ ಕೊಂಡೊಯ್ದವರು ಅವರು.

ಆ ಸೀಸೆಯ ಮಾತ್ರೆಯನ್ನು ತೆಗೆದುಕೊಳ್ಳಬೇಕೇ ಬೇಡವೇ ಎಂಬುದನ್ನು ರಕ್ತದ ಪರೀಕ್ಷೆ ನೋಡಿ ವೈದ್ಯೆ ಹೇಳಬಲ್ಲರು. ಅಲ್ಲಿಯವರೆಗೆ ಅದು ಬೀರುವಿನಲ್ಲಿಯೇ ಇರಲಿ. ಬೆಳಿಗ್ಗೆ ಆಳುಗಳ ತಿಂಡಿಗೆ ಒಲೆ ಹೊತ್ತಿಸುವ ಕೆಲಸವನ್ನು ವಾರದಲ್ಲಿ ಎರಡು ದಿನ ಮನೆಯ ಬೇರೆಯವರು ವಹಿಸಿಕೊಂಡರೆ, ಆಕೆಗೆ ಅಂದೇ ಒಂದು ಗಂಟೆಯ ನಿದ್ದೆ ಹೆಚ್ಚಾಗಿ ಸಿಗುತ್ತದೆ. ಅದಕ್ಕೆ ಯಾವ ವೈದ್ಯರ ಚೀಟಿಯೂ ಬೇಕಾಗಿಲ್ಲ.